ಕೆರೆದಾರಿ ಮುಖ್ಯರಸ್ತೆಗೆ ಬಂದು ನಿಂತಾಗ: ಮೇಲೆ ದಾಟುವುದೋ, ಕೆಳಗೋ, ನೆಲದಲ್ಲೋ?

ಕೆರೆಯ ಏರಿಯ ಮೇಲೆ ಎರಡು ಕಿಲೋಮೀಟರ್ ಉದ್ದದ ದಾರಿ. ಹೊಂಗೆಯ ನೆರಳು, ಅಲ್ಲಲ್ಲಿ ಕಲ್ಲುಬೆಂಚು, ನಡೆಯುವವರ ಪಕ್ಕದಲ್ಲೇ ಸೈಕಲ್ ತುಳಿಯುವ ಮಕ್ಕಳು. ಬೆಂಗಳೂರು, ಮೈಸೂರುಗಳ ಹಲವು ಬಡಾವಣೆಗಳಿಗೆ ಇಂಥ ದಾರಿಗಳು ಈಗ ಒದಗಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮುಗಿಯುವುದು ಒಂದೇ ರೀತಿ. ಬೇಲಿಯಲ್ಲೊಂದು ಕಿಂಡಿ ಇರುತ್ತದೆ, ಅದರಾಚೆ ಆರು ಪಥಗಳಲ್ಲಿ ವಾಹನಗಳು ಹರಿಯುತ್ತಿರುತ್ತವೆ. ಎದುರಿನ ದಡದಲ್ಲಿ ಶಾಲೆ, ಬಸ್ ನಿಲ್ದಾಣ, ಆಸ್ಪತ್ರೆ, ಮತ್ತೊಂದು ಕೆರೆಗೆ ಹೋಗುವ ದಾರಿಯ ಮುಂದಿನ ತುಂಡು. ಗಟ್ಟಿ ಕಾಲಿನವರು ಜೀವವನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಉಳಿದವರು ಹಿಂದಿರುಗುತ್ತಾರೆ.

ನಿವಾಸಿಗಳ ಸಂಘದವರು ನನ್ನ ಮುಂದಿಡುವ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಅರ್ಜಿಯಲ್ಲಿ ಏನನ್ನು ಕೇಳಬೇಕು? ಸ್ಕೈವಾಕ್ ಬೇಕೆಂದು ಒಬ್ಬರು, ಸಿಗ್ನಲ್ ಸಾಕೆಂದು ಮತ್ತೊಬ್ಬರು, ಕೆಳಸೇತುವೆಯೇ ಶಾಶ್ವತ ಪರಿಹಾರವೆಂದು ಇನ್ನೊಬ್ಬರು. ಸಭೆಯಲ್ಲಿ ಒಮ್ಮತ ಮೂಡದೆ ಅರ್ಜಿಯೇ ಹೋಗದ ಬಡಾವಣೆಗಳನ್ನು ಕಂಡಿದ್ದೇನೆ. ಪಾರ್ಶ್ವವಾಯುವಾದ ನನ್ನ ತಂದೆಯವರ ಗಾಲಿಕುರ್ಚಿಯನ್ನು ಮೂರು ವರ್ಷ ತಳ್ಳಿದವನು ನಾನು. ಆ ಮೂರು ವರ್ಷ ಕಲಿಸಿದ ಕಣ್ಣಿನಿಂದಲೇ ಮುಂದಿನದನ್ನು ಬರೆಯುತ್ತಿದ್ದೇನೆ.

ಯಾವುದರಿಂದ ಅಳೆಯಬೇಕು

ಸಾಮಾನ್ಯವಾಗಿ ಚರ್ಚೆ ಹಣದಿಂದ ಆರಂಭವಾಗುತ್ತದೆ. ಅದನ್ನು ಕೊನೆಗಿಡಿ. ಮೊದಲ ಪ್ರಶ್ನೆ ಇದು: ಇದನ್ನು ಕಟ್ಟಿದ ಮೇಲೂ ದಾಟಲಾರದವರು ಯಾರು? ಗಾಲಿಕುರ್ಚಿಯವರು, ಊರುಗೋಲಿನವರು, ದೃಷ್ಟಿ ಇಲ್ಲದವರು, ಮೊಣಕಾಲು ನೋವಿನ ಅಜ್ಜಿ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಿ, ಹಿಂಬದಿಗೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲಿನವರು. ಇವರಲ್ಲಿ ಒಬ್ಬರು ಹೊರಗುಳಿದರೂ ಆ ಆಯ್ಕೆಗೆ ಪೂರ್ಣ ಅಂಕವಿಲ್ಲ. ಇದು ಕರುಣೆಯ ಮಾತಲ್ಲ. ಸಾರ್ವಜನಿಕ ಸೌಲಭ್ಯಗಳು ಎಲ್ಲರಿಗೂ ಬಳಸಲು ಬರಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಬೇಡಿಕೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವ ಹಕ್ಕನ್ನು, ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಡಿ ಗುರುತಿಸಿ, ಅದು ವಿಕಲಚೇತನರಿಗೂ ಬಳಕೆಯಾಗುವಂತಿರಬೇಕು ಎಂದಿತು. ಅರ್ಜಿಯಲ್ಲಿ ಈ ಎರಡನ್ನೂ ಬರೆಯಿರಿ.

ಎರಡನೆಯದು ಸುತ್ತು. ಇಪ್ಪತ್ತು ಮೀಟರ್ ರಸ್ತೆಯನ್ನು ದಾಟಲು ಇನ್ನೂರು ಮೀಟರ್ ನಡೆಸಿದರೆ ಜನ ಬೇಲಿ ಹಾರುತ್ತಾರೆ. ಅದನ್ನು ಅಶಿಸ್ತು ಎಂದು ಬೈಯುವುದು ಸುಲಭ. ನೆಟ್ಟಗಿನ ದಾರಿ ಕಣ್ಣೆದುರಿಗಿರುವಾಗ ಸುತ್ತುದಾರಿ ಹಿಡಿಯಲು ಯಾರಿಗೂ ಮನಸ್ಸಾಗುವುದಿಲ್ಲ. ವಾಹನದವರೂ ದೂರದ ಯೂಟರ್ನ್ ತಪ್ಪಿಸಲು ಅಡ್ಡದಾರಿ ಹುಡುಕುವವರೇ ಅಲ್ಲವೇ?

ಮೂರನೆಯದು ವಾಹನಗಳ ವೇಗ ಮತ್ತು ರಸ್ತೆಯ ಅಗಲ. ಚಾಲಕನ ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ಮುಟ್ಟಿಸಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆಯ ಬ್ರೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ 28 ಮೀಟರ್ ಬೇಕು. 60ರಲ್ಲಿ 36 ಮೀಟರ್ ಮೀರುತ್ತದೆ. ಮಳೆ ಬಂದರೆ ಇನ್ನೂ ಹೆಚ್ಚು. ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಅದರ ಮುಂಭಾಗದ ಹೊಡೆತಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಆಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ನಿಮ್ಮ ರಸ್ತೆಯಲ್ಲಿ ವಾಹನಗಳು ಎಷ್ಟು ವೇಗದಲ್ಲಿ ಓಡುತ್ತವೆಂದು ಮೊದಲು ನೋಡಿ. ಫಲಕದಲ್ಲಿ ಬರೆದ ವೇಗವನ್ನಲ್ಲ, ಬೆಳಗಿನ ಆರು ಗಂಟೆಗೆ ರಸ್ತೆ ಖಾಲಿ ಇದ್ದಾಗಿನ ವೇಗವನ್ನು. ವಾಯುವಿಹಾರಿಗಳು ದಾಟುವುದು ಆ ಹೊತ್ತಿನಲ್ಲೇ.

ಇನ್ನು ನೆಲದ ಏರಿಳಿತ, ಮಳೆನೀರು ಹರಿಯುವ ದಿಕ್ಕು, ರಾತ್ರಿಯ ಬೆಳಕು. ಇವೆಲ್ಲದರ ಮೇಲೆ, ಕಟ್ಟಿದ್ದನ್ನು ಹತ್ತು ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಉದ್ಘಾಟನೆಗೆ ಬರುವವರು ಹಲವರು. ಬಲ್ಬ್ ಬದಲಿಸಲು ಬರುವವರ ಹೆಸರು ಮೊದಲೇ ಗೊತ್ತಿರಬೇಕು.

ಎತ್ತರಿಸಿದ ಜೀಬ್ರಾ ದಾಟು

ಬರೀ ಬಿಳಿ ಪಟ್ಟೆ ಬಳಿದ ಜೀಬ್ರಾ ಕ್ರಾಸಿಂಗನ್ನು ಇಲ್ಲಿ ಆಯ್ಕೆಯೆಂದೇ ನಾನು ಪರಿಗಣಿಸುವುದಿಲ್ಲ. ಬ್ರಿಟನ್ನಿನಲ್ಲಿ 1951ರಲ್ಲಿ ಬಳಕೆಗೆ ಬಂದ ಈ ಪಟ್ಟೆ ಕೆಲಸ ಮಾಡುವುದು ಚಾಲಕ ನಿಲ್ಲುತ್ತಾನೆ ಎಂಬ ನಂಬಿಕೆಯ ಮೇಲೆ. ನಮ್ಮ ದೇಶದ 2017ರ ವಾಹನ ಚಾಲನಾ ನಿಯಮಾವಳಿಯೂ ಜೀಬ್ರಾದಲ್ಲಿ ಪಾದಚಾರಿಗೆ ದಾರಿ ಬಿಡಬೇಕೆನ್ನುತ್ತದೆ. ಎಷ್ಟು ಮಂದಿ ಬಿಡುತ್ತಾರೆಂಬುದಕ್ಕೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ.

ಆದರೆ ಅದೇ ಪಟ್ಟೆಯನ್ನು ಫುಟ್‌ಪಾತಿನ ಮಟ್ಟಕ್ಕೆ, ಅಂದರೆ ಸುಮಾರು 15 ಸೆಂಟಿಮೀಟರ್ ಎತ್ತರಿಸಿದರೆ ಚಿತ್ರ ಬದಲಾಗುತ್ತದೆ. ಈಗ ಪಾದಚಾರಿ ರಸ್ತೆಗೆ ಇಳಿಯುವುದಿಲ್ಲ, ವಾಹನವೇ ಪಾದಚಾರಿಯ ನೆಲಕ್ಕೆ ಹತ್ತಬೇಕಾಗುತ್ತದೆ. ಇದು ಉದ್ದನೆಯ, ಮೇಲ್ಭಾಗ ಚಪ್ಪಟೆಯಾದ ಹಂಪ್ ಇದ್ದಂತೆ. ಚಾಲಕನ ಸಜ್ಜನಿಕೆಯನ್ನು ನೆಚ್ಚಿಕೊಳ್ಳಬೇಕಿಲ್ಲ, ವಾಹನದ ಕೆಳಭಾಗ ತಾಗೀತೆಂಬ ಭಯವೇ ವೇಗವನ್ನು ಇಳಿಸುತ್ತದೆ. ಗಾಲಿಕುರ್ಚಿಗೆ ಏರಿಳಿತವಿಲ್ಲ, ಸೈಕಲ್ಲಿನವರು ಇಳಿಯಬೇಕಿಲ್ಲ, ವಿದ್ಯುತ್ ಬೇಡ, ಲಕ್ಷಗಳ ಲೆಕ್ಕದಲ್ಲಿ ಕೆಲಸ ಮುಗಿಯುತ್ತದೆ.

ಇದರ ಮಿತಿ ಅಗಲದಲ್ಲಿದೆ. ಒಂದು ದಿಕ್ಕಿಗೆ ಎರಡು ಅಥವಾ ಹೆಚ್ಚು ಪಥಗಳಿದ್ದರೆ ಹತ್ತಿರದ ಪಥದ ಬಸ್ ನಿಂತು ದಾರಿ ಕೊಡುತ್ತದೆ, ಬಸ್ಸಿನ ಮರೆಯಿಂದ ಹೊರಬಂದ ಮಗು ಪಕ್ಕದ ಪಥದ ಬೈಕಿಗೆ ಕಾಣುವುದೇ ಇಲ್ಲ. ನಿಲ್ಲುವ ಗೆರೆಯನ್ನು ಪಟ್ಟೆಗಿಂತ ಕೆಲವು ಮೀಟರ್ ಹಿಂದಕ್ಕೆ ಎಳೆದರೆ ಈ ಮರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಬಡಾವಣೆಯೊಳಗಿನ ರಸ್ತೆಗೆ, ಎರಡು ಪಥಗಳ ಶಾಲೆಯ ರಸ್ತೆಗೆ ಇದು ಉತ್ತಮ ಆಯ್ಕೆ. ನಾಲ್ಕಾರು ಪಥಗಳ ರಸ್ತೆಗೆ ಒಂಟಿಯಾಗಿ ಸಾಲದು. ಬಸ್ಸು, ಆಂಬುಲೆನ್ಸ್ ಓಡಾಡುವಲ್ಲಿ ಏರು ಇಳುಕಲುಗಳು ನಯವಾಗಿರಲೇಬೇಕು. ಇನ್ನೊಂದು ಮಾತು: ಇದನ್ನು ಕಟ್ಟುವಾಗ ಅಂಚಿನಲ್ಲಿ ಮಳೆನೀರು ಹೋಗಲು ಕೊಳವೆ ಬಿಡದಿದ್ದರೆ ಮೊದಲ ಮಳೆಗೇ ದಾಟುವ ಜಾಗ ಹೊಂಡವಾಗುತ್ತದೆ. ನಕ್ಷೆಯಲ್ಲಿ ಆ ಕೊಳವೆ ಇದೆಯೇ ಎಂದು ಕೇಳಿ ನೋಡಿ.

ಸಿಗ್ನಲ್ ಮತ್ತು ನಡುದಿಬ್ಬ

ನಗರದೊಳಗಿನ ನಾಲ್ಕು ಅಥವಾ ಆರು ಪಥಗಳ ರಸ್ತೆಗೆ ನನ್ನ ಮೊದಲ ಆಯ್ಕೆ ಇದೇ. ದಾಟುವವರಿಗಾಗಿಯೇ ಇರುವ ಸಿಗ್ನಲ್, ರಸ್ತೆಯ ನಡುವೆ ನಿಲ್ಲಲು ಅಗಲವಾದ ದಿಬ್ಬ, ಸಾಧ್ಯವಾದರೆ ಅದರ ಜೊತೆಗೆ ಎತ್ತರಿಸಿದ ಪಟ್ಟೆ.

ಬೆಂಗಳೂರಿನಲ್ಲಿ ಗುಂಡಿ ಒತ್ತುವ ಪೆಲಿಕನ್ ಸಿಗ್ನಲ್‌ಗಳನ್ನು ನೀವು ಕಂಡಿರುತ್ತೀರಿ. ಬ್ರಿಟನ್ನಿನಲ್ಲಿ ನಡೆಯುವವರೂ ಸೈಕಲ್ಲಿನವರೂ ಜೊತೆಯಾಗಿ ದಾಟುವ ಸಿಗ್ನಲ್ಲಿಗೆ ಟೂಕನ್ ಎನ್ನುತ್ತಾರೆ. ‘ಇಬ್ಬರೂ ದಾಟಬಹುದು’ ಎಂಬರ್ಥದ ‘ಟೂ ಕ್ಯಾನ್ ಕ್ರಾಸ್’ ಎಂಬ ಇಂಗ್ಲಿಷ್ ಮಾತಿನ ಸದ್ದಿನಿಂದ ಹುಟ್ಟಿದ ಹೆಸರದು. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ಹುಟ್ಟಿದ ಇನ್ನೊಂದು ಬಗೆಯಿದೆ. ಯಾರೂ ಗುಂಡಿ ಒತ್ತದಿದ್ದರೆ ಅದರ ದೀಪಗಳು ಆರಿಯೇ ಇರುತ್ತವೆ, ಒತ್ತಿದಾಗ ಮಾತ್ರ ಹಳದಿ, ಆಮೇಲೆ ಕೆಂಪು. ದಾಟುವವರಿಲ್ಲದೆಯೂ ವಾಹನಗಳು ಸುಮ್ಮನೆ ನಿಲ್ಲುತ್ತವೆ ಎಂಬ ಆಕ್ಷೇಪಕ್ಕೆ ಇವೆಲ್ಲ ಉತ್ತರಗಳು.

ಸಿಗ್ನಲ್ ಎಡವುವುದು ಸೆಕೆಂಡುಗಳ ಲೆಕ್ಕದಲ್ಲಿ. ಪಥಕ್ಕೆ ಮೂರೂವರೆ ಮೀಟರಿನಂತೆ ಆರು ಪಥದ ರಸ್ತೆ 21 ಮೀಟರ್ ಅಗಲ. ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್. ಅದರಂತೆ 17ರಿಂದ 18 ಸೆಕೆಂಡ್ ಸಾಕು. ಆದರೆ ಕೋಲೂರಿ ನಡೆಯುವ ಹಿರಿಯರ ವೇಗ 0.8 ಮೀಟರ್ ಇದ್ದರೆ ಅವರಿಗೆ 26 ಸೆಕೆಂಡ್ ಬೇಕು. ಎಂಟು ಸೆಕೆಂಡಿನ ಈ ವ್ಯತ್ಯಾಸದಲ್ಲಿ ಅವರು ಕೊನೆಯ ಎರಡು ಪಥಗಳ ನಡುವೆ ಸಿಕ್ಕಿಬೀಳುತ್ತಾರೆ, ಹಾರ್ನ್‌ಗಳು ಆರಂಭವಾಗುತ್ತವೆ. ತಂದೆಯವರ ಕುರ್ಚಿಯನ್ನು ತಳ್ಳುತ್ತಿದ್ದಾಗ ಆ ಹಾರ್ನ್‌ಗಳನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಇದಕ್ಕೆ ಮದ್ದು ನಡುದಿಬ್ಬ. ಈಗಿನ ಡಿವೈಡರ್ ಅರ್ಧ ಮೀಟರ್ ಅಗಲದ ಕಲ್ಲಿನ ಗೋಡೆಯಾದರೆ ಅದು ಆಶ್ರಯವಲ್ಲ, ಇನ್ನೊಂದು ಅಡ್ಡಿ. ಗಾಲಿಕುರ್ಚಿ ಮತ್ತು ಅದನ್ನು ತಳ್ಳುವವರು ನಿಲ್ಲಲು ಕನಿಷ್ಠ ಎರಡು ಮೀಟರ್ ಅಗಲ ಬೇಕು. ಸೈಕಲ್ ಉದ್ದವೇ 1.8 ಮೀಟರ್ ಇರುವುದರಿಂದ ಮೂರು ಮೀಟರ್ ಇದ್ದರೆ ನೆಮ್ಮದಿ. ದಿಬ್ಬದ ನಡುವಿನ ದಾರಿ ರಸ್ತೆಯ ಮಟ್ಟದಲ್ಲೇ ಸಪಾಟಾಗಿ ಕತ್ತರಿಸಿದ್ದಿರಲಿ, ಪಟ್ಟೆಯನ್ನು ಎತ್ತರಿಸಿದ್ದರೆ ಆ ಎತ್ತರಕ್ಕೆ ಸರಿಯಾಗಿ. ಆಗ 21 ಮೀಟರ್ ಎರಡು ಹತ್ತೂವರೆಗಳಾಗುತ್ತದೆ. ನಿಧಾನ ನಡೆಯುವವರಿಗೂ ಒಂದೊಂದು ಭಾಗಕ್ಕೆ 13 ಸೆಕೆಂಡ್ ಸಾಕು, ಒಮ್ಮೆಗೆ ಒಂದೇ ದಿಕ್ಕಿನ ವಾಹನಗಳನ್ನು ನೋಡಿದರಾಯಿತು. ಎರಡು ಬಾರಿ ಕಾಯಬೇಕಾಗುತ್ತದೆ ಎಂಬುದು ನಿಜ. ಆದ್ದರಿಂದ ಎರಡೂ ಹಸಿರುಗಳನ್ನು ಒಂದರ ಹಿಂದೊಂದು ಬರುವಂತೆ ಹೊಂದಿಸಲು ಕೇಳಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಿಸಿದರೆ ಜನ ಕೆಂಪಿನಲ್ಲೇ ನುಗ್ಗತೊಡಗುತ್ತಾರೆ.

ದೃಷ್ಟಿ ಇಲ್ಲದವರಿಗೆ ದೀಪ ಹಸಿರಾದರೇನು, ಕೆಂಪಾದರೇನು? ದಾಟುವ ಸಮಯದಲ್ಲಿ ಸದ್ದು ಮಾಡುವ ಸಾಧನವಿರಬೇಕು, ಗುಂಡಿ ಕುಳಿತವರ ಕೈಗೂ ಎಟುಕುವಂತೆ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರಬೇಕು, ನೆಲದಲ್ಲಿ ಉಬ್ಬುಟೈಲ್ಸ್ ಇರಬೇಕು. ಆ ಹಳದಿ ಟೈಲ್ಸ್ ಜಪಾನಿನ ಸೇಯಿಚಿ ಮಿಯಾಕೆ ಅವರ ಆವಿಷ್ಕಾರ. 1967ರಲ್ಲಿ ಒಕಯಾಮಾ ನಗರದ ಅಂಧರ ಶಾಲೆಯ ಬಳಿ ಅದನ್ನು ಮೊದಲು ಹಾಸಿದ್ದೂ ಇಂಥದೇ ರಸ್ತೆ ದಾಟುವ ಜಾಗದಲ್ಲಿ. ಉದ್ದ ಗೆರೆಗಳಿದ್ದರೆ ‘ಹೀಗೆ ನಡೆಯಿರಿ’ ಎಂದರ್ಥ, ಚುಕ್ಕೆಗಳಿದ್ದರೆ ‘ನಿಲ್ಲಿ, ಮುಂದೆ ಅಪಾಯ’ ಎಂದರ್ಥ. ನಮ್ಮ ಎಷ್ಟೋ ಫುಟ್‌ಪಾತ್‌ಗಳಲ್ಲಿ ಗೆರೆ ಟೈಲ್ಸ್ ನೇರವಾಗಿ ವಿದ್ಯುತ್ ಕಂಬಕ್ಕೆ ಕರೆದೊಯ್ಯುತ್ತದೆ. ಗುತ್ತಿಗೆದಾರರಿಗೆ ಅದು ಅಲಂಕಾರದಂತೆ ಕಂಡಿರಬೇಕು. ಹಾಸುವ ದಿನ ಯಾರಾದರೂ ಅಲ್ಲಿ ನಿಂತು ನೋಡುವುದು ಒಳ್ಳೆಯದು.

ಇನ್ನು ಸ್ಕೂಟರ್‌ಗಳ ಸಮಸ್ಯೆ. ಕೆರೆದಾರಿಗೆ ಬೈಕು ನುಗ್ಗದಿರಲೆಂದು ಕಿಂಡಿಯಲ್ಲಿ ಕಬ್ಬಿಣದ ಗೂಟಗಳನ್ನು ಒತ್ತೊತ್ತಾಗಿ ನೆಡುತ್ತಾರೆ, ತಿರುಗುಗೇಟು ಹಾಕುತ್ತಾರೆ. ಗಾಲಿಕುರ್ಚಿಯ ಅಗಲ 65ರಿಂದ 75 ಸೆಂಟಿಮೀಟರ್. ಸ್ಕೂಟರಿನ ಹ್ಯಾಂಡಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ಕುರ್ಚಿ ನುಗ್ಗುವ ಜಾಗದಲ್ಲಿ ಸ್ಕೂಟರೂ ನುಗ್ಗುತ್ತದೆ, ಸ್ಕೂಟರನ್ನು ತಡೆಯುವ ಗೂಟ ಕುರ್ಚಿಯನ್ನೂ ತಡೆಯುತ್ತದೆ. ಇದಕ್ಕೆ ಗೂಟಗಳಲ್ಲಿ ಉತ್ತರವಿಲ್ಲ. ನನ್ನ ನಿಲುವು ಸ್ಪಷ್ಟ: ಗೂಟಗಳ ನಡುವೆ ಒಂದು ಮೀಟರ್ ಬಿಡಿ, ಸ್ಕೂಟರುಗಳನ್ನು ಕ್ಯಾಮೆರಾ, ದಂಡ, ಕಾವಲುಗಾರರಿಂದ ತಡೆಯಿರಿ. ಕೆಲವು ತಿಂಗಳು ಕಿರಿಕಿರಿ ಇರುತ್ತದೆ. ಆದರೆ ತಪ್ಪು ಮಾಡುವವರನ್ನು ತಡೆಯಲೆಂದು ತಪ್ಪೇ ಮಾಡದವರನ್ನು ಹೊರಗಿಡುವುದು ನ್ಯಾಯವಲ್ಲ.

ಸಿಗ್ನಲ್ಲಿನ ದೌರ್ಬಲ್ಯವನ್ನೂ ಹೇಳಬೇಕು. ಅದು ಕೆಟ್ಟು ನಿಂತರೆ ಬರೀ ಪಟ್ಟೆಯಷ್ಟೇ ಉಳಿಯುತ್ತದೆ. ಕೆಂಪನ್ನು ಲೆಕ್ಕಿಸದ ಚಾಲಕರಿದ್ದಾರೆ. ಎತ್ತರಿಸಿದ ಪಟ್ಟೆ ಜೊತೆಗಿರಲಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ವಿದ್ಯುತ್ ಹೋದರೂ ಉಬ್ಬು ತನ್ನ ಕೆಲಸ ಬಿಡುವುದಿಲ್ಲ.

ಸ್ಕೈವಾಕ್

ದೂರದಿಂದ ಕಾಣುತ್ತದೆ, ಫಲಕ ಹಾಕಬಹುದು, ವಾಹನಗಳ ಓಟಕ್ಕೆ ಅಡ್ಡಿಯಿಲ್ಲ. ಹಾಗಾಗಿ ಜನಪ್ರತಿನಿಧಿಗಳ ಬಾಯಲ್ಲಿ ಮೊದಲು ಬರುವುದು ಇದೇ. ವಾಹನಗಳಿಂದ ಪೂರ್ತಿ ಬೇರ್ಪಡಿಸುತ್ತದೆ ಎಂಬುದು ಇದರ ನಿಜವಾದ ಗುಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ.

ನಗರದ ರಸ್ತೆಯ ಮೇಲೆ ಐದೂವರೆ ಮೀಟರ್ ಎತ್ತರ ಬಿಡಬೇಕು. ತೊಲೆಯ ದಪ್ಪ ಸೇರಿದರೆ ನಡೆಯುವ ನೆಲ ಸುಮಾರು ಆರು ಮೀಟರ್ ಮೇಲಿರುತ್ತದೆ. ಮೆಟ್ಟಿಲು ಹದಿನೈದು ಸೆಂಟಿಮೀಟರಿನದಾದರೆ ಹತ್ತಲು ನಲವತ್ತು, ಇಳಿಯಲು ನಲವತ್ತು. ಮೆಟ್ಟಿಲಿನ ಬದಲು ಇಳಿಜಾರು ಕೊಡುವುದಾದರೆ ಗಾಲಿಕುರ್ಚಿಗೆ ಅತಿ ಕಡಿದೆಂದರೆ ಹನ್ನೆರಡು ಮೀಟರಿಗೆ ಒಂದು ಮೀಟರ್ ಏರು. ಅಂದರೆ ಒಂದೊಂದು ಬದಿಗೆ 72 ಮೀಟರ್. ಪ್ರತಿ ಒಂಬತ್ತು ಮೀಟರಿಗೊಂದು ವಿಶ್ರಾಂತಿಯ ಸಮತಟ್ಟು ಸೇರಿಸಿದರೆ 80 ಮೀಟರ್ ದಾಟುತ್ತದೆ. ಸೈಕಲ್ಲಿಗೆ ಇಪ್ಪತ್ತಕ್ಕೊಂದರ ಏರು ಕೊಟ್ಟರೆ ಬದಿಗೆ 120 ಮೀಟರ್. ಇಪ್ಪತ್ತೊಂದು ಮೀಟರಿನ ರಸ್ತೆಗೆ ಇನ್ನೂರನಲವತ್ತು ಮೀಟರಿನ ಇಳಿಜಾರು! ಮೂಗಿಗಿಂತ ಮೂಗುತಿ ಭಾರವೆನ್ನುವುದು ಇದಕ್ಕೇ. ಅಷ್ಟು ಜಾಗ ನಮ್ಮ ರಸ್ತೆಬದಿಗಳಲ್ಲಿ ಇಲ್ಲದಿರುವುದರಿಂದ ಇಳಿಜಾರನ್ನು ಕೈಬಿಟ್ಟು ಲಿಫ್ಟ್ ಹಾಕುತ್ತಾರೆ.

ಆ ಲಿಫ್ಟ್ ವಿಷಯಕ್ಕೆ ಬರುತ್ತೇನೆ. ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಒಂದು ಸ್ಕೈವಾಕ್ ಇತ್ತು, ಲಿಫ್ಟೂ ಇತ್ತು. ಮೊದಲ ಸಲ ಹೋದಾಗ ಬಾಗಿಲಿಗೆ ಬೀಗ. ಕೀಲಿ ಕಾವಲುಗಾರರ ಬಳಿ ಇದೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಅವರು ಊಟಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ಕಾದು ಕೊನೆಗೆ ಆಟೋ ಹಿಡಿದು, ಒಂದೂವರೆ ಕಿಲೋಮೀಟರ್ ದೂರದ ಯೂಟರ್ನ್ ಸುತ್ತಿ, ಕಣ್ಣೆದುರಿಗಿದ್ದ ಆಸ್ಪತ್ರೆಗೆ ತಲುಪಿದೆವು. ಮುಂದಿನ ಸಲವೂ ಬೀಗ ಹಾಗೆಯೇ ಇತ್ತು. ಮೂರನೆಯ ಸಲ ನಾವು ಅತ್ತ ನೋಡಲೂ ಇಲ್ಲ. ಕಾಗದದ ಮೇಲೆ ಆ ಸೇತುವೆ ಇಂದಿಗೂ ಎಲ್ಲರಿಗೂ ಬಳಸಲು ಬರುವ ಸೇತುವೆಯೇ.

ಲಿಫ್ಟ್ ಕೇಳುವುದೇ ಆದರೆ ಷರತ್ತುಗಳನ್ನು ಮೊದಲೇ ಬರೆಸಿಕೊಳ್ಳಿ: ವರ್ಷಗಟ್ಟಲೆಯ ನಿರ್ವಹಣಾ ಗುತ್ತಿಗೆ, ವಿದ್ಯುತ್ ಹೋದರೆ ಬದಲಿ ವ್ಯವಸ್ಥೆ, ಒಳಗೇನಾಗುತ್ತಿದೆ ಎಂದು ಹೊರಗೆ ಕಾಣುವ ಗಾಜು, ಕೆಟ್ಟರೆ ಇಷ್ಟು ದಿನದೊಳಗೆ ದುರಸ್ತಿ, ತಪ್ಪಿದರೆ ದಂಡ. 1.1 ಮೀಟರ್ ಅಗಲ, 1.4 ಮೀಟರ್ ಆಳದ ಸಾಮಾನ್ಯ ಲಿಫ್ಟಿನಲ್ಲಿ ಸೈಕಲ್ ನೆಟ್ಟಗೆ ಹಿಡಿಸುವುದಿಲ್ಲ. ಎರಡು ಮೀಟರ್ ಆಳದ್ದು ಬೇಕು. ಜಾಹೀರಾತಿನ ಹಕ್ಕು ಕೊಟ್ಟು ಖಾಸಗಿಯವರಿಂದ ಸ್ಕೈವಾಕ್ ಕಟ್ಟಿಸುವ ಪದ್ಧತಿ ಬೆಂಗಳೂರಿನಲ್ಲಿದೆ. ಪಾಲಿಕೆಗೆ ಖರ್ಚಿಲ್ಲ ಎಂಬುದು ಆಕರ್ಷಣೆ. ಆದರೆ ಜಾಹೀರಾತು ಚೆನ್ನಾಗಿ ಕಾಣುವ ಜಾಗ ಮತ್ತು ಜನ ದಾಟುವ ಜಾಗ ಒಂದೇ ಆಗಿರಬೇಕೆಂದಿಲ್ಲ. ಸ್ಥಳವನ್ನು ನೀವೇ ಗುರುತಿಸಿ ಕೊಡಿ.

ಹಾಗಾದರೆ ಸ್ಕೈವಾಕ್ ಎಲ್ಲಿ ಸರಿ? ವಾಹನಗಳನ್ನು ನಿಲ್ಲಿಸಲು ಸಾಧ್ಯವೇ ಇಲ್ಲದಲ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಸಿಗ್ನಲ್ ಕೇಳುವುದು ಅಪಾಯಕ್ಕೆ ಆಹ್ವಾನ. ಅಲ್ಲಿನ ಹಳ್ಳಿಗಳವರು ಹೊಲಕ್ಕೆ, ಶಾಲೆಗೆ ದಾಟಲು ಮೇಲ್ಸೇತುವೆಯೋ ಕೆಳಸೇತುವೆಯೋ ಆಗಲೇಬೇಕು. ರೈಲು ಹಳಿಗಳ ಮೇಲೂ ಅಷ್ಟೇ. ಇನ್ನೊಂದು ಸಂದರ್ಭ, ನೆಲವೇ ಸಹಾಯ ಮಾಡುವಾಗ. ಕೆರೆಯ ಏರಿ ರಸ್ತೆಗಿಂತ ಮೂರ್ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಹತ್ತುವ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಂತೆಯೇ. ಕೋಪನ್‌ಹೇಗನ್ನಿನಲ್ಲಿ ಸೈಕಲ್ ಸವಾರರು ಮೆಟ್ಟಿಲುಗಳಲ್ಲಿ ಸೈಕಲ್ ಹೊತ್ತು ಇಳಿಯಬೇಕಿದ್ದ ಕಡೆ 2014ರಲ್ಲಿ ನಾಲ್ಕು ಮೀಟರ್ ಅಗಲದ, ಹಾವಿನಂತೆ ಬಳುಕುವ ಸೇತುವೆ ಬಂತು. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ 2012ರಲ್ಲಿ ತೆರೆದ ಹೋವನ್‌ರಿಂಗ್ ಎಂಬ ವೃತ್ತಾಕಾರದ ತೂಗುಸೇತುವೆ ಸೈಕಲ್ಲುಗಳನ್ನು ದೊಡ್ಡ ಕೂಡುರಸ್ತೆಯ ಮೇಲೆ ಒಯ್ಯುತ್ತದೆ. ಅದರ ಚಿತ್ರ ನೋಡಿ ಮನಸೋಲುವವರು ಒಂದು ಸಂಗತಿಯನ್ನು ಗಮನಿಸಬೇಕು. ಸೈಕಲ್ಲಿನ ಏರು ಹಗುರವಾಗಲೆಂದು ಅಲ್ಲಿ ಕೆಳಗಿನ ವಾಹನದ ರಸ್ತೆಯನ್ನೇ ತಗ್ಗಿಸಿದರು.

ಕೆಳಸೇತುವೆ

ಸೈಕಲ್ ತುಳಿಯುವವರಿಗೆ ಮೇಲೇರುವುದಕ್ಕಿಂತ ಕೆಳಗಿಳಿಯುವುದು ಹಿತ. ಇಳಿಯುವಾಗ ಗಳಿಸಿದ ವೇಗ ಏರುವಾಗ ಒದಗುತ್ತದೆ. ಮನುಷ್ಯರ ಎತ್ತರಕ್ಕೆ ಎರಡೂಮುಕ್ಕಾಲು ಮೀಟರ್ ಸಾಕು. ಮೇಲಿನ ಚಾವಣಿ ಸೇರಿ ಮೂರೂವರೆ ಮೀಟರ್ ಇಳಿದರಾಯಿತು. ಇಪ್ಪತ್ತಕ್ಕೊಂದರ ಇಳಿಜಾರಿನಲ್ಲಿ 70 ಮೀಟರ್, ಸ್ಕೈವಾಕಿಗಿಂತ ಸುಮಾರು ಅರ್ಧ. ಬಿಸಿಲಿಲ್ಲ, ಲಿಫ್ಟಿನ ಹಂಗಿಲ್ಲ.

ಅಡ್ಡಿ ನೀರಿನದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅದು ವಾಹನಗಳ ಕೆಳಸೇತುವೆ, ಆದರೆ ನೀರು ತಗ್ಗನ್ನು ಹುಡುಕುವ ನಿಯಮ ಒಂದೇ. ಪಂಪು, ಅದಕ್ಕೆ ವಿದ್ಯುತ್ತು, ಹೂಳು ತೆಗೆಯುವವರು, ಇವೆಲ್ಲ ಪ್ರತಿ ವರ್ಷದ ಖರ್ಚು. ನೆಲದಡಿಯ ಕೊಳವೆ, ಕೇಬಲ್‌ಗಳನ್ನು ಸರಿಸಲು ಕಟ್ಟುವಷ್ಟೇ ಕಾಲ ಹಿಡಿದರೂ ಅಚ್ಚರಿಯಿಲ್ಲ. ಜೊತೆಗೆ ಭಯ. ಮೆಜೆಸ್ಟಿಕ್ ಬಸ್ ನಿಲ್ದಾಣದ ಬಳಿಯ ಸುರಂಗಮಾರ್ಗದಲ್ಲಿ ದಿನವಿಡೀ ಜನರಿರುವುದರಿಂದ ಅಲ್ಲಿ ನಡೆಯಬಹುದು. ಸಂಜೆ ಏಳರ ನಂತರ ಹತ್ತು ಜನ ದಾಟುವ ಕೆರೆದಾರಿಯಲ್ಲಿ ಅಂಥ ಸುರಂಗಕ್ಕೆ ಹೆಣ್ಣುಮಕ್ಕಳು ಇಳಿಯುವುದಿಲ್ಲ. ಇಳಿಯಬೇಕೆಂದು ಬಯಸುವುದೂ ತಪ್ಪು. ಈ ಬದಿಯಲ್ಲಿ ನಿಂತರೆ ಆ ಬದಿಯ ಬೆಳಕು ಕಾಣಬೇಕು, ಒಳಗೆ ತಿರುವಿರಬಾರದು, ಅಗಲ ಎತ್ತರಕ್ಕಿಂತ ಹೆಚ್ಚಿರಬೇಕು. ಇಷ್ಟು ಒದಗದಿದ್ದರೆ ಕೈಬಿಡಿ.

ಬೆಂಗಳೂರಿಗೆ ವಿಶೇಷವಾದ ಒಂದು ಅವಕಾಶ ಮಾತ್ರ ನನ್ನನ್ನು ಸೆಳೆಯುತ್ತದೆ. ಇಲ್ಲಿನ ಕೆರೆಗಳು ಒಂದರಿಂದೊಂದಕ್ಕೆ ನೀರು ಹರಿಸುವ ಸರಪಳಿಗಳು. ರಾಜಕಾಲುವೆಗಳು ಈಗಾಗಲೇ ಮೋರಿಗಳ ಮೂಲಕ ರಸ್ತೆಗಳನ್ನು ದಾಟುತ್ತಿವೆ. ಆ ಮೋರಿಯನ್ನು ಹೊಸದಾಗಿ ಕಟ್ಟುವ ಸಂದರ್ಭ ಬಂದರೆ, ನೀರಿನ ಪಕ್ಕದಲ್ಲಿ ಎತ್ತರದ ಕಟ್ಟೆಯೊಂದನ್ನು ಸೇರಿಸಿ ದಾರಿಯನ್ನು ಅದರ ಮೇಲೆ ಸಾಗಿಸಬಹುದು. ರಸ್ತೆ ಅಗೆಯುವ ಖರ್ಚು ಹೇಗೂ ಆಗುವಂಥದ್ದು. ದೊಡ್ಡ ಮಳೆಯ ದಿನ ಆ ದಾರಿ ಮುಚ್ಚಿರಬೇಕಾಗುತ್ತದೆ. ಆದ್ದರಿಂದ ಮೇಲೆ ನೆಲದ ದಾಟೂ ಇರಬೇಕು.

ನಿಮ್ಮ ರಸ್ತೆಗೆ ಯಾವುದು

ಎರಡು ಪಥ, ಶಾಲೆ ಹತ್ತಿರ, ಸಂಘದ ಕೈಯಲ್ಲಿ ಕೆಲವು ಲಕ್ಷಗಳ ಭರವಸೆ ಮಾತ್ರ ಎಂದಾದರೆ ಎತ್ತರಿಸಿದ ಪಟ್ಟೆಯನ್ನು ಕೇಳಿ, ಈ ವರ್ಷವೇ ಆಗಬಹುದು. ನಾಲ್ಕಾರು ಪಥ, ಗಂಟೆಗೆ 40–50ರ ವೇಗ, ಹತ್ತಿರದಲ್ಲಿ ವೃದ್ಧರು, ಆಸ್ಪತ್ರೆ ಇದ್ದರೆ ಸಿಗ್ನಲ್ ಮತ್ತು ನಡುದಿಬ್ಬ. ಖರ್ಚು ಮೊದಲಿನದಕ್ಕಿಂತ ಹೆಚ್ಚು, ಸ್ಕೈವಾಕಿಗಿಂತ ಬಹಳ ಕಡಿಮೆ. ಹಣ ತುಂಡಾದರೆ ದಿಬ್ಬವನ್ನು ಮೊದಲು ಕಟ್ಟಿಸಿ, ಸಿಗ್ನಲ್ ಆಮೇಲೆ ಬರಲಿ. ಈ ಕ್ರಮ ತಲೆಕೆಳಗಾಗಬಾರದು. ವೇಗದ ಹೆದ್ದಾರಿಯಾದರೆ ನಗರಪಾಲಿಕೆಯನ್ನು ಬಿಟ್ಟು ಹೆದ್ದಾರಿ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಕೋಟಿಗಳ ಕೆಲಸವೆಂದು ಹಿಂಜರಿಯಬೇಡಿ. ಹೊಲದ ಮಟ್ಟ ರಸ್ತೆಗಿಂತ ತಗ್ಗಿದ್ದರೆ ಕೆಳಸೇತುವೆ, ಇಲ್ಲವಾದರೆ ಇಳಿಜಾರುಳ್ಳ ಮೇಲ್ಸೇತುವೆ. ಅಧಿಕಾರಿಗಳು ಸ್ಕೈವಾಕನ್ನೇ ಕೊಡುತ್ತೇವೆಂದು ಪಟ್ಟು ಹಿಡಿದರೆ ತಿರಸ್ಕರಿಸಬೇಕಿಲ್ಲ. ಆದರೆ ಅದರ ನೆಪದಲ್ಲಿ ನೆಲದ ಪಟ್ಟೆಯನ್ನು ಅಳಿಸಿ ಡಿವೈಡರಿಗೆ ಬೇಲಿ ಹಾಕಲು ಮಾತ್ರ ಒಪ್ಪಬೇಡಿ. ಲಿಫ್ಟ್ ಕೆಟ್ಟ ದಿನ ಗಾಲಿಕುರ್ಚಿಯವರಿಗೆ ಉಳಿಯುವ ದಾರಿ ಅದೊಂದೇ.

‘ಅಷ್ಟು ಜನ ದಾಟುವುದೇ ಇಲ್ಲ’ ಎಂಬ ಉತ್ತರಕ್ಕೆ ಸಿದ್ಧರಾಗಿರಿ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಕೈಪಿಡಿ ಐಆರ್‌ಸಿ 103ರಲ್ಲಿ ಒಂದು ಸೂತ್ರವಿದೆ. ದಟ್ಟಣೆಯ ಗಂಟೆಯಲ್ಲಿ ದಾಟುವವರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ, ಅಂದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಮೊತ್ತದಿಂದ, ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದು ಹತ್ತು ಕೋಟಿಯನ್ನು, ಡಿವೈಡರ್ ಇರುವಲ್ಲಿ ಇಪ್ಪತ್ತು ಕೋಟಿಯನ್ನು ಮೀರಿದರೆ ನಿಯಂತ್ರಿತ ದಾಟು ಕೇಳಲು ಆಧಾರವಿದೆ. ದೊಡ್ಡ ಸಂಖ್ಯೆ ಕಂಡು ಹೆದರಬೇಡಿ. ಗಂಟೆಗೆ 2,000 ವಾಹನ ಓಡುವ ಡಿವೈಡರ್ ರಸ್ತೆಯಲ್ಲಿ 50 ಜನರಾದರೆ ಆ ಗೆರೆ ಮುಟ್ಟುತ್ತದೆ. ನಾಲ್ಕು ಮಂದಿ ಒಂದು ಬೆಳಗ್ಗೆ ಕುರ್ಚಿ ಹಾಕಿಕೊಂಡು ಕುಳಿತರೆ ಎಣಿಕೆ ಮುಗಿಯುತ್ತದೆ. ಸಂಚಾರ ಪೊಲೀಸರನ್ನು ಒಪ್ಪಿಸಿ ಒಂದು ವಾರ ಬ್ಯಾರಿಕೇಡು, ಬಣ್ಣಗಳಿಂದ ತಾತ್ಕಾಲಿಕ ದಿಬ್ಬ ಮಾಡಿಸಿದರೆ ಮತ್ತೂ ಒಳ್ಳೆಯದು. ನಕ್ಷೆ ಓದಲು ಬಾರದವರಿಗೂ ಅದು ಅರ್ಥವಾಗುತ್ತದೆ.

ಆ ಸೂತ್ರದಲ್ಲಿ ಒಂದು ಕೊರತೆಯಿದೆ. ಅದು ದಾಟಿದವರನ್ನು ಮಾತ್ರ ಎಣಿಸುತ್ತದೆ. ಎಣಿಕೆಯ ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆಯಿರಿ. ಕಿಂಡಿಯವರೆಗೆ ಬಂದು, ರಸ್ತೆಯನ್ನು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಿ ಹೋದವರಿಗಾಗಿ. ಅವರ ವಯಸ್ಸು, ಕೈಯಲ್ಲಿ ಕೋಲಿತ್ತೇ, ಜೊತೆಯಲ್ಲಿ ಮಗುವಿತ್ತೇ ಎಂಬುದನ್ನೂ ಬರೆದುಕೊಳ್ಳಿ. ಅರ್ಜಿಗೆ ಲಗತ್ತಿಸುವಾಗ ಆ ಹಾಳೆ ಎಲ್ಲಕ್ಕಿಂತ ಮೇಲಿರಲಿ.